ಪೆಟ್ಟಿಗೆಯ ಮುಂದೆ ಕೂರುವ ಹೊತ್ತು

ಹಾಡುವವರು, ನುಡಿಸುವವರೆಲ್ಲ ಅವಳನ್ನು ಕಿವಿಯಕ್ಕ ಎನ್ನುತ್ತಿದ್ದರು. ಅವರು ಧ್ವನಿಮುದ್ರಿಸಿ ಕಳಿಸಿದ ಹಾಡಿಗೆ ಕೊನೆಯ ಹದ ಕೊಡುವುದು, ಅಂದರೆ ಮಾಸ್ಟರಿಂಗ್, ಅವಳ ಕೆಲಸ. ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಅತ್ತೆಯ ಪ್ರಕಾರ ಸೊಸೆ ರೂಮಿನಲ್ಲಿ ಕೂತು ಹಾಡು ಕೇಳುತ್ತಾಳೆ.

ಅಡುಗೆಮನೆಗೆ ಅಂಟಿಕೊಂಡ ಆ ಕೋಣೆ ಮೊದಲು ಉಗ್ರಾಣವಾಗಿತ್ತು. ಮೇಜಿನ ಮೇಲೆ ಕಂಪ್ಯೂಟರು. ಪಕ್ಕದಲ್ಲಿ ಹಳೆಯ ಕಂಪ್ರೆಸರ್: ಹಾಡಿನ ಏರಿಳಿತವನ್ನು ಹಿಡಿದು ಪಳಗಿಸುವ, ಒಳಗೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳು ಉರಿಯುವ ಭಾರದ ಪೆಟ್ಟಿಗೆ. ಕಂಪ್ಯೂಟರಿನ ಕೆಲಸವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ನಡುವೆ ಎದ್ದು ಒಲೆ ಆರಿಸಿ, ಬಟ್ಟೆ ಒಳಗೆ ತಂದು, ಅತ್ತೆಗೆ ಮಾತ್ರೆ ಕೊಟ್ಟು ಬಂದರೂ ಅದು ಬಿಟ್ಟಲ್ಲೇ ಇರುತ್ತದೆ. ಪೆಟ್ಟಿಗೆ ಹಾಗಲ್ಲ. ಹಾಡು ಕಂಪ್ಯೂಟರಿನಿಂದ ತಂತಿಯಲ್ಲಿ ಹೊರಟು, ಪೆಟ್ಟಿಗೆಯೊಳಗೆ ಹಾದು, ಮತ್ತೆ ಕಂಪ್ಯೂಟರಿಗೇ ಬಂದು ಮುದ್ರಣವಾಗಬೇಕು. ಹಾಡು ಎಷ್ಟು ಉದ್ದವೋ ಅಷ್ಟು ಹೊತ್ತು. ಆಗ ಯಾರಾದರೂ ಮಿಕ್ಸಿ ಹಾಕಿದರೆ ಕರೆಂಟಿನ ಏರುಪೇರಿಗೆ ಟಕ್ ಎಂಬ ಸದ್ದು ಹಾಡಿನೊಳಗೇ ಬೀಳುತ್ತದೆ. ಹಾಗಾಗಿ ಮಿಕ್ಸಿ, ಫ್ರಿಜ್ಜು, ಬಟ್ಟೆ ಒಗೆಯುವ ಮಷೀನು ಎಲ್ಲ ಬಂದ್. ಅವನ್ನೆಲ್ಲ ಓಡಿಸುವವಳೂ ಅವಳೇ ಆದ್ದರಿಂದ ಅವಳೂ ಬಂದ್. ಹಾಡಿಗೆ ತಕ್ಕಂತೆ ಪೆಟ್ಟಿಗೆಯ ಮೀಟರಿನ ಮುಳ್ಳು ಅಲ್ಲಾಡುವುದನ್ನು ನೋಡುತ್ತ ಕೂರುತ್ತಾಳೆ. ಇಡೀ ದಿನದಲ್ಲಿ ಯಾರೂ ಕರೆಯದ ಹೊತ್ತು ಅದೊಂದೇ.

ಗಂಡ ಆ ಪೆಟ್ಟಿಗೆಗೆ ಗಿರಾಕಿ ಹುಡುಕಿದ. ಅದರ ನಕಲು ಸಾಫ್ಟ್‌ವೇರ್ ಆಗಿ ಬಂದಿದೆ, ಈಗ ಹೆಚ್ಚಿನವರು ಬಳಸುವುದು ಅದನ್ನೇ, ಮನೆಮಂದಿ ಉಸಿರು ಬಿಗಿಹಿಡಿದು ಓಡಾಡುವುದೂ ತಪ್ಪುತ್ತದೆ ಎಂದ. ಪೆಟ್ಟಿಗೆಯ ದನಿ ನಕಲಿನಲ್ಲಿ ಬರುವುದಿಲ್ಲ ಎಂದು ಅವಳು ವಾದಿಸಿದಳು. ಹಾಗಾದರೆ ಪರೀಕ್ಷೆಯೇ ಆಗಲಿ, ಗುರುತಿಸಿದರೆ ಪೆಟ್ಟಿಗೆ ಇರಲಿ, ಇಲ್ಲದಿದ್ದರೆ ಗಿರಾಕಿ ಒಯ್ಯಲಿ ಎಂದು ಅವನು ಪಂಥ ಕಟ್ಟಿದ. ಅವಳು ಒಪ್ಪಿದಳು. ತನ್ನ ಕಿವಿಯ ಮೇಲೆ ಅಷ್ಟು ನಂಬಿಕೆ.

ಒಂದು ಲಾಲಿಹಾಡನ್ನು ಪೆಟ್ಟಿಗೆಯಲ್ಲೂ ನಕಲಿನಲ್ಲೂ ಹಾಯಿಸಿದಳು. ಗಟ್ಟಿಯಾಗಿ ಕೇಳುವುದೇ ಚೆನ್ನೆಂದು ಕಿವಿ ಮೋಸಹೋಗುತ್ತದೆ. ಅದಕ್ಕೂ ಅವಕಾಶವಿಲ್ಲದಂತೆ ಎರಡರ ಸದ್ದನ್ನೂ ಸಮ ಮಾಡಿ, ಗೋಡೆಗೆ ಮುಖ ಮಾಡಿ ಕೂತಳು. ಗಂಡ ಒಂದಾದ ಮೇಲೊಂದು ಹಾಕಿದ. ಎರಡನೆಯದರಲ್ಲಿ ಗಾಯಕಿಯ ಉಸಿರು ಹತ್ತಿರ ಬಂದಂತಿತ್ತು.

"ಎರಡನೇದು ಪೆಟ್ಟಿಗೆ," ಎಂದಳು.

"ಅಲ್ಲ ಕಣೆ. ಮೊದಲ್ನೇದು."

ಹೊರಗಿನಿಂದ ಅತ್ತೆ ಗೆದ್ದವರು ಯಾರೆಂದು ಕೇಳಿದರು. "ಕಿವಿಯಕ್ಕನ ಕಿವಿಗೂ ವಯಸ್ಸಾಯ್ತಮ್ಮ," ಎಂದು ಅವನು ನಕ್ಕ.

ಅವಳು ಇನ್ನೊಮ್ಮೆ ಹಾಕಿಸಿಕೊಂಡಳು. ಉತ್ತರ ಗೊತ್ತಿದ್ದೂ ಎರಡನೆಯದೇ ಚೆನ್ನೆನಿಸಿತು. ಇಷ್ಟು ವರ್ಷ ದನಿಗೋಸ್ಕರ, ದನಿಗೋಸ್ಕರ ಎಂದು ಹೇಳಿಕೊಂಡು ಬಂದ ಮಾತಿಗೆ ಈಗ ಅವಳ ಕಿವಿಯೂ ಸಾಕ್ಷಿ ಹೇಳಲಿಲ್ಲ.

ಗಂಡ ಗಿರಾಕಿಗೆ ಹೇಳಲು ಫೋನ್ ಎತ್ತಿಕೊಂಡ.

"ಬೇಡ ಕಣ್ರಿ. ಕೊಡಲ್ಲ."

"ಮತ್ತೆ ಇದು ಯಾತಕ್ಕೆ ಬೇಕು ನಿಂಗೆ?"

"ಇದು ಓಡ್ತಿರುವಾಗ ನನ್ನನ್ನ ಯಾರೂ ಕರೆಯಲ್ಲ."

ಅವನು ನಿಜಕ್ಕೂ ಅರ್ಥವಾಗದೆ ಅವಳನ್ನು ನೋಡಿದ. "ಅಷ್ಟೇನಾ? ಬಾಗಿಲು ಹಾಕ್ಕೊಂಡು ಕೂತ್ರಾಯ್ತಪ್ಪ. ಬೇಡ ಅಂದೋರು ಯಾರು?"

ಹಾಕಿದ ಬಾಗಿಲನ್ನು ದಿನಕ್ಕೆಷ್ಟು ಸಲ ಯಾರು ಯಾರು ತಟ್ಟುತ್ತಾರೆಂದು ಅವಳು ಹೇಳಹೋಗಲಿಲ್ಲ. ಆಡಿದ ಮಾತಿಗೆ ತಪ್ಪಿದವಳೆಂಬ ಹೆಸರು ಹೊತ್ತುಕೊಂಡು ಪೆಟ್ಟಿಗೆಯನ್ನು ಉಳಿಸಿಕೊಂಡಳು. ಗಾಯಕಿಗೆ ಕಳಿಸಿದ್ದು ಮಾತ್ರ ನಕಲಿನಲ್ಲಿ ಹಾಯಿಸಿದ ಹಾಡನ್ನೇ. ಚೆನ್ನಾಗಿದ್ದದ್ದು ಅದು.

ಗಂಡ ಈಗ ಹಾಡು ಹೇಗೆ ಬಂತೆಂದು ಕೇಳುವುದಿಲ್ಲ. ಬಂದವರಿಗೆ ಪೆಟ್ಟಿಗೆ ತೋರಿಸಿ, ಅದು ಅವಳ ಆಟದ ಸಾಮಾನು ಎನ್ನುತ್ತಾನೆ. ಅವಳ ಕೆಲಸ ಬಹುಮಟ್ಟಿಗೆ ಕಂಪ್ಯೂಟರಿನಲ್ಲೇ ಮುಗಿದುಹೋಗುತ್ತದೆ. ಆದರೂ ಕೆಲವು ಮಧ್ಯಾಹ್ನ ಪೆಟ್ಟಿಗೆಯ ಸ್ವಿಚ್ಚು ಹಾಕಿ, "ಓಡ್ತಿದೆ," ಎಂದು ಒಳಗಿನಿಂದಲೇ ಕೂಗಿ ಹೇಳುತ್ತಾಳೆ. ಮನೆ ಸುಮ್ಮನಾಗುತ್ತದೆ. ತಂತಿಯಲ್ಲಿ ಯಾವ ಹಾಡೂ ಇರುವುದಿಲ್ಲ. ಮುಳ್ಳು ಅಲ್ಲಾಡದೆ ನಿಂತಿರುತ್ತದೆ. ಅವಳು ಕೂರುತ್ತಾಳೆ.