ಇಬ್ಬರೂ ಕೂಡಿ ಹಾಕಿದ ದಸ್ಕತ್ತು

ಅದು 1953ನೇ ಇಸವಿ. ಆಗ ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ನನಗೆ ಇಪ್ಪತ್ತು ವರ್ಷ. ಲಿಂಗಸುಗೂರಿನಲ್ಲಿ ಏಳನೇ ಜಮಾತು ಪಾಸಾಗಿ, ರಾಯಚೂರಿನಲ್ಲಿ ಟ್ರೇನಿಂಗ್ ಮುಗಿಸಿ, ಮಸ್ಕಿ ಹತ್ತಿರದ ಒಂದು ಹಳ್ಳಿಗೆ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯಾಗಿ ಹೋದೆ. ಆ ಊರಿಗೆ ಅದೇ ಮೊದಲ ಹೆಣ್ಣುಮಕ್ಕಳ ಶಾಲೆ. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ಇಬ್ಬರು ಹಿರಿಯರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಈಗಲೂ ಬೇರೆ ಬೇರೆ ಪಾರ್ಟಿಯಲ್ಲಿದ್ದಾರೆ.

ಒಬ್ಬರು ಅಮರಪ್ಪಗೌಡರು, ಇನ್ನೊಬ್ಬರು ಬಸಲಿಂಗಪ್ಪ ಸಾವುಕಾರರು. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಈ ಇಬ್ಬರೂ ಒಂದೇ ಬಂಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೊಳೆ ದಾಟಿಸಿದ್ದರಂತೆ, ಒಂದೇ ಬುತ್ತಿಗಂಟು ಬಿಚ್ಚಿ ರೊಟ್ಟಿ ತಿಂದಿದ್ದರಂತೆ. ಆಮೇಲೆ ಮೊದಲ ಎಲೆಕ್ಷನ್ ಬಂತು. ಗೌಡರು ಒಂದು ಪಾರ್ಟಿ ಹಿಡಿದರು, ಸಾವುಕಾರರು ಇನ್ನೊಂದು. ಊರವರು ಹಾಕಿದ ಓಟು ಎಣಿಸಿ ಮುಗಿದು, ಗೆದ್ದವರು ಹೈದರಾಬಾದಿಗೆ ಹೋಗಿ ಊರನ್ನೇ ಮರೆತಿದ್ದರು. ನಮ್ಮವರ ಜಗಳ ಮಾತ್ರ ಮುಗಿದಿರಲಿಲ್ಲ. ಗೌಡರ ಓಣಿಯವರು ಸಾವುಕಾರರ ಓಣಿಯ ಬಾವಿಗೆ ಹೋಗುತ್ತಿರಲಿಲ್ಲ. ಸಾವುಕಾರರ ಕಡೆಯ ಹಜಾಮ ಗೌಡರ ಕಡೆಯವರ ಗಡ್ಡ ಮುಟ್ಟುತ್ತಿರಲಿಲ್ಲ. ಗೌಡರ ಪಾರ್ಟಿಯ ಅರ್ಧ ಜನ ಗಡ್ಡ ಬಿಟ್ಟುಕೊಂಡೇ ತಿರುಗುತ್ತಿದ್ದರು, ನೋಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಶಾಲೆ ನಡೆಯುತ್ತಿದ್ದದ್ದು ಊರ ಚಾವಡಿಯ ಕಟ್ಟೆಯ ಮೇಲೆ. ಮೊದಲು ಪಂಚರು ಅಲ್ಲಿ ಒಂದೇ ಜಮಖಾನ ಹಾಸಿಕೊಂಡು ಕೂತು ನ್ಯಾಯ ಬಗೆಹರಿಸುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಆ ಕಟ್ಟೆಯ ನಟ್ಟನಡುವೆ ಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಪಡುವಣ ಭಾಗ ಗೌಡರದು, ಮೂಡಣ ಭಾಗ ಸಾವುಕಾರರದು. ಮೊದಲ ದಿನ ನನ್ನ ಸ್ಟೂಲು ಎಲ್ಲಿಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಎರಡು ಕಾಲು ಈ ಕಡೆ, ಎರಡು ಕಾಲು ಆ ಕಡೆ ಬರುವ ಹಾಗೆ ಗೆರೆಯ ಮೇಲೆಯೇ ಇಟ್ಟು ಕೂತೆ. ಹುಡುಗಿಯರು ತಂತಮ್ಮ ಪಾರ್ಟಿಯ ಕಡೆ ಕೂತರು. ಆರು ವರ್ಷದ ಹುಡುಗಿಯರಿಗೂ ತಾವು ಯಾವ ಕಡೆ ಎಂಬುದು ಗೊತ್ತಿತ್ತು. ಅಕ್ಷರ ಒಂದೂ ಗೊತ್ತಿರಲಿಲ್ಲ.

ಶಾಲೆ ಒಂದು ವರ್ಷದ ಮಟ್ಟಿಗೆ ಮಾತ್ರ ಮಂಜೂರಾಗಿತ್ತು. ಕಾಯಂ ಆಗಬೇಕಾದರೆ ಶಾಲಾ ಕಮಿಟಿಯ ಇಬ್ಬರು ಮೆಂಬರುಗಳು ಒಂದೇ ಅರ್ಜಿಯ ಮೇಲೆ ದಸ್ಕತ್ತು ಹಾಕಿ ಕಳಿಸಬೇಕು. ಸಹಿಗೆ ನಮ್ಮ ಕಡೆ ದಸ್ಕತ್ತು ಎನ್ನುತ್ತಿದ್ದರು. ಆಷಾಢ ಮುಗಿಯುವುದರೊಳಗೆ ಅರ್ಜಿ ಬರದಿದ್ದರೆ ಶಾಲೆಯನ್ನು ಸಿಂಧನೂರು ಕಡೆಯ ಬೇರೆ ಊರಿಗೆ ಕೊಡುವುದಾಗಿ ಹುಕುಂ ಬಂದಿತ್ತು. ಕಮಿಟಿಯ ಆ ಇಬ್ಬರು ಮೆಂಬರುಗಳು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅರ್ಜಿ ಬರೆದುಕೊಂಡು ಮೊದಲು ಗೌಡರ ಮನೆಗೆ ಹೋದೆ. ಅವರ ಮೊಮ್ಮಗಳು ಶರಣಿ ನನ್ನ ಶಾಲೆಯಲ್ಲಿಯೇ ಓದುತ್ತಿದ್ದಳು. ಗೌಡರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ ತಲೆದೂಗಿದರು.

"ಸಾಲಿ ಬೇಕ ಬೇಕ್ರಿ ಅಕ್ಕೋರ. ನಮ್ಮ ಶರಣಿ ನನ್ನ ಹೆಸರು ಬರದು ತೋರಿಸ್ಯಾಳ. ಆದ್ರ ಆ ಸಾವುಕಾರ ದಸ್ಕತ್ತು ಹಾಕ್ಯಾನೇನು?"

"ಇಲ್ರಿ, ಮದಲ ನಿಮ್ಮ ಹತ್ರ ಬಂದೀನಿ."

"ನಾ ಮ್ಯಾಲ ಹಾಕಿದ್ರ ಅಂವಾ ಕೆಳಗ ಹಾಕಂಗಿಲ್ಲ. ಅಂವಾ ಮ್ಯಾಲ ಹಾಕಿದ್ರ ನಾ ಹಾಕಂಗಿಲ್ಲ. ನಾಳೆ ಇದು ಸಾವುಕಾರನ ಸಾಲಿ ಅಂತಾರ. ನೀವು ಒಂದು ಕೆಲಸ ಮಾಡ್ರಿ. ಸಾಲಿಗೆ ಅಡ್ಡ ಬಂದಾಂವ ಸಾವುಕಾರ ಅಂತ ಸಾಲಿ ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಬರದು ಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ."

ಸಾವುಕಾರರ ಮನೆಗೆ ಹೋದೆ. ಅವರ ಕಿರಿಮಗಳು ಗಂಗಿಯೂ ನನ್ನ ಶಾಲೆಯವಳೇ. ಸಾವುಕಾರರು ನನಗೆ ಚಾಪೆ ಹಾಸಿಸಿದರು, ಮಜ್ಜಿಗೆ ತರಿಸಿದರು, ಶಾಲೆಯ ಬಗ್ಗೆ ಗೌಡರಿಗಿಂತ ಒಂದು ಮಾತು ಹೆಚ್ಚೇ ಹೊಗಳಿದರು. ಆಮೇಲೆ ಗೌಡರು ಹೇಳಿದ್ದನ್ನೇ ಹೇಳಿದರು, ಹೆಸರು ಮಾತ್ರ ಬೇರೆ.

"ಅಂವಾ ಅಡ್ಡ ಬಂದಾನ ಅಂತ ಬರೀರಿ ಅಕ್ಕೋರ. ಸಾಲಿ ಹೋದ್ರ ಹೋಗ್ಲಿ, ಯಾರಿಂದ ಹೋತು ಅನ್ನೂದು ಊರಿಗೆ ಗೊತ್ತಾಗಬೇಕು."

ಈ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಶಾಲೆ ಇಬ್ಬರಿಗೂ ಬೇಕಿತ್ತು. ಅದು ಉಳಿಯುವುದಕ್ಕಿಂತ, ಹೋದರೆ ತಪ್ಪು ಇನ್ನೊಬ್ಬನ ಮೇಲೆ ಬರುವುದು ಇಬ್ಬರಿಗೂ ಹೆಚ್ಚು ಬೇಕಿತ್ತು.

"ನಾ ಯಾರ ಮ್ಯಾಲೂ ಬರಿಯಂಗಿಲ್ರಿ. ನಾ ಬಂದದ್ದು ಹುಡುಗ್ಯಾರಿಗೆ ಅಕ್ಷರ ಕಲಿಸಾಕ, ನಿಮ್ಮ ಚಾಡಿ ಬರಿಯಾಕ ಅಲ್ಲ" ಎಂದೆ. ಮಜ್ಜಿಗೆ ಕುಡಿಯದೆ ಎದ್ದು ಬಂದೆ. ಅದಕ್ಕಾಗಿ ಅವರು ಎಷ್ಟೋ ದಿನ ಸಿಟ್ಟಾಗಿದ್ದರು.

ಮರುದಿನದಿಂದ ಒಬ್ಬ ಹುಡುಗಿಯೂ ಬರಲಿಲ್ಲ. ಅಕ್ಕೋರು ಸಾವುಕಾರನ ಕಡೆ ಆಗಿದ್ದಾರೆ ಎಂದು ಗೌಡರು ತಮ್ಮ ಓಣಿಯವರನ್ನು ಬಿಡಿಸಿದರು. ಅಕ್ಕೋರು ಗೌಡನ ಕಡೆ ಆಗಿದ್ದಾರೆ ಎಂದು ಸಾವುಕಾರರು ತಮ್ಮ ಓಣಿಯವರನ್ನು ಬಿಡಿಸಿದರು. ನಾನು ದಿನಾ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ, ಗೆರೆಯ ಮೇಲೆ ಸ್ಟೂಲು ಹಾಕಿ, ಖಾಲಿ ಕಟ್ಟೆಯ ಮುಂದೆ ಸಂಜೆಯ ತನಕ ಕೂತಿರುತ್ತಿದ್ದೆ. ಎಮ್ಮೆ ಕಾಯುವವರು ನಿಂತು ನೋಡಿ ನಗುತ್ತಿದ್ದರು. ನನ್ನ ಜೊತೆಗೆ ಆ ಊರಲ್ಲಿದ್ದ ನಮ್ಮವ್ವ ಕಣ್ಣೀರು ಹಾಕಿದಳು.

"ಇಬ್ಬರ ಮುಂದೂ ಹೋಗಿ ಉಡಿ ಒಡ್ಡವಾ. ಹೆಣ್ಣುಮಗಳು ಸೆರಗು ಒಡ್ಡಿ ಬೇಡಿದ್ರ ಯಾರೂ ಇಲ್ಲ ಅನ್ನಂಗಿಲ್ಲ."

"ಸಾಲಿ ನಂದಲ್ಲವ್ವ, ಊರಿಂದು. ಊರಿಂದನ್ನ ಊರವರ ಹತ್ರ ನಾ ಯಾಕ ಭಿಕ್ಷಾ ಬೇಡ್ಲಿ?" ಎಂದೆ. ಆಗ ನನ್ನ ಬಾಯಿ ಹಾಗೇ ಇತ್ತು. ಈಗಲೂ ಹಾಗೇ ಇದೆ ಎಂದು ಸೊಸೆ ಹೇಳುತ್ತಾಳೆ.

ಆಷಾಢ ಬಂತು. ನಮ್ಮ ಕಡೆ ಆಷಾಢದ ಮಂಗಳವಾರ ಹೆಣ್ಣುಹುಡುಗಿಯರು ಗುಳ್ಳವ್ವ ಎಂಬ ದೇವಿಯನ್ನು ಮಾಡುತ್ತಾರೆ. ಹಸಿಮಣ್ಣಿನಲ್ಲಿ ಗುಳ್ಳವ್ವನ ಬೊಂಬೆ ಮಾಡಿ, ಗುಲಗಂಜಿ ಚುಚ್ಚಿ ಸಿಂಗರಿಸಿ, ತಟ್ಟೆಯಲ್ಲಿಟ್ಟುಕೊಂಡು ಹಾಡುತ್ತ ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ. ಮರುದಿನ ಎಲ್ಲ ಹುಡುಗಿಯರೂ ಹೊಲದಲ್ಲಿ ಕೂಡಿ ಉಣ್ಣುತ್ತಾರೆ. ಬಾಗಿಲಿಗೆ ಬಂದ ಗುಳ್ಳವ್ವನನ್ನು ಬರಿಗೈಯಲ್ಲಿ ಯಾರೂ ಕಳಿಸುವುದಿಲ್ಲ. ಆ ಊರಿನಲ್ಲಿ ಎರಡೂ ಓಣಿಗೆ ಸೇರಿ ಒಂದೇ ಗುಳ್ಳವ್ವ, ಅದನ್ನು ಮಾಡುವುದು ಚಾವಡಿ ಕಟ್ಟೆಯ ಮೇಲೆ. ಅಜ್ಜಿಯರ ಕಾಲದಿಂದ ಬಂದ ರೂಢಿ.

ಈ ಸಲ ಗಂಡಸರು ಎರಡು ಗುಳ್ಳವ್ವ ಮಾಡಿರಿ ಎಂದು ಹೇಳಿಕಳಿಸಿದರು. ಮಣ್ಣು ತಂದುಕೊಡುತ್ತಿದ್ದ ಕುಂಬಾರ ಹನುಮವ್ವ ಸೊಂಟದ ಮೇಲೆ ಕೈಯಿಟ್ಟು ಚಾವಡಿ ಮುಂದೆ ನಿಂತುಬಿಟ್ಟಳು.

"ಎಲೆಕ್ಷನ್ ನಿಮ್ಮದು, ಗುಳ್ಳವ್ವ ನಮ್ಮಾಕಿ. ಆಕಿನ್ನ ಎರಡು ಮಾಡಾಕ ಬರಂಗಿಲ್ಲ. ಮಣ್ಣು ಒಂದ ಬುಟ್ಟಿ ತಂದೀನಿ, ಬೇಕಾದ್ರ ಮಾಡ್ರಿ, ಬ್ಯಾಡಾದ್ರ ಬಿಡ್ರಿ."

ಹೆಂಗಸರು ಯಾರೂ ಎದುರಾಡಲಿಲ್ಲ. ಗುಳ್ಳವ್ವನ ವಿಷಯದಲ್ಲಿ ಗಂಡಸರ ಮಾತು ನಡೆಯುವುದಿಲ್ಲ. ಆ ಮಂಗಳವಾರ ಬೆಳಿಗ್ಗೆ ನಾನು ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದೆ. ಎರಡೂ ಓಣಿಯ ಹುಡುಗಿಯರು ಗುಂಪುಗುಂಪಾಗಿ ಬಂದು ಕಟ್ಟೆ ಹತ್ತಿದರು. ಎಷ್ಟೋ ದಿನಗಳ ಮೇಲೆ ಅವರ ಮುಖ ನೋಡಿ ನನಗೆ ಅಳು ಬಂತು. ಮಣ್ಣು ಕಲಸುವಾಗ ನೀರು ಚೆಲ್ಲಿತು, ಅವರ ಮೊಣಕಾಲು, ಅಂಗೈ, ಲಂಗಗಳೆಲ್ಲ ತಗುಲಿ ಸುಣ್ಣದ ಗೆರೆ ಕೆಸರಲ್ಲಿ ಅಳಿಸಿಹೋಯಿತು. ಒಂದು ತುಂಡು ಮಾತ್ರ ಮೂಲೆಯಲ್ಲಿ ಉಳಿದಿತ್ತು. ಅದನ್ನು ನಾನೇ ಕಾಲಿನಿಂದ ಒರೆಸಿದೆ. ಸುಳ್ಳು ಯಾಕೆ ಹೇಳಲಿ?

ಬೊಂಬೆ ಒಣಗುವ ತನಕ ಗುಲಗಂಜಿಯನ್ನು ಸಾಲಾಗಿ ಇಡಿಸಿ ಅಕ್ಷರ ಮಾಡಿಸಿದೆ. ಅವರು ಒಂದೂ ಮರೆತಿರಲಿಲ್ಲ. ಶರಣಿ ತನ್ನ ಹೆಸರು ಮಾಡಿ, ಪಕ್ಕದಲ್ಲಿ ಗಂಗಿಯ ಹೆಸರನ್ನೂ ಮಾಡಿದಳು. ಆಗ ನನಗೆ ಒಂದು ಯೋಚನೆ ಹೊಳೆಯಿತು.

ಹಾಡುತ್ತ ಹೊರಟೆವು. ಹಿಂದೆ ಊರ ಹೆಂಗಸರೂ ಬಂದರು. ಸಾವುಕಾರರ ಮನೆ ಹತ್ತಿರ ಬಂದಾಗ ತಟ್ಟೆಯನ್ನು ಗೌಡರ ಮೊಮ್ಮಗಳು ಶರಣಿಯ ಕೈಗೆ ಕೊಟ್ಟೆ. ಸಾವುಕಾರರು ಹೊರಗೆ ಬಂದು, ತಮ್ಮ ಹೊಸಿಲ ಮುಂದೆ ಗೌಡರ ಮೊಮ್ಮಗಳು ಗುಳ್ಳವ್ವನನ್ನು ಹಿಡಿದು ನಿಂತದ್ದನ್ನು ನೋಡಿದರು. ಮುಖ ಕಪ್ಪಿಟ್ಟಿತು. ಆದರೆ ಗುಳ್ಳವ್ವನಿಗೆ ಇಲ್ಲ ಎನ್ನುವುದು ಹೇಗೆ? ಮೊರದ ತುಂಬ ಜೋಳ ತಂದು ಸುರಿದರು. ನಾನು ಸೆರಗಿನಲ್ಲಿದ್ದ ಅರ್ಜಿ ತೆಗೆದೆ.

"ಗುಳ್ಳವ್ವಗ ಜೋಳ ಕೊಟ್ರಿ, ಈ ಹುಡುಗ್ಯಾರಿಗೆ ಒಂದು ದಸ್ಕತ್ತು ಕೊಡ್ರಿ ಸಾವುಕಾರ್ರ."

ಹೆಂಗಸರು ಹಾಡು ನಿಲ್ಲಿಸಿದರು. ಸಾವುಕಾರರು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೌಡರ ಮನೆಯಲ್ಲಿ ಗಂಗಿಯ ಕೈಗೆ ತಟ್ಟೆ ಕೊಟ್ಟೆ. ಅಲ್ಲಿಯೂ ಜೋಳ ಸಿಕ್ಕಿತು, ದಸ್ಕತ್ತು ಸಿಗಲಿಲ್ಲ. "ಹುಡುಗ್ಯಾರನ್ನ ಮುಂದ ಮಾಡಿ ನನ್ನ ಮರ್ಯಾದಿ ತಗಿಯಾಕತ್ತೀ ಏನವಾ?" ಎಂದು ಗೌಡರು ಗುಡುಗಿದರು.

"ಮರ್ಯಾದಿ ಹೋಗೂದು ಸಾಲಿ ಹೋದ್ರ, ಗೌಡ್ರ" ಎಂದೆ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

ಎಂಟು ದಿನದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಶೇರ್ವಾನಿ ಹಾಕಿದ್ದ ವಯಸ್ಸಾದ ಮನುಷ್ಯ. ಕನ್ನಡವನ್ನು ಹುಡುಕಿ ಹುಡುಕಿ ಮಾತಾಡುತ್ತಿದ್ದರು. ಕಟ್ಟೆಯ ಮೇಲೆ ಗೌಡರೂ ಸಾವುಕಾರರೂ ಎರಡು ತುದಿಯಲ್ಲಿ ಕೂತಿದ್ದರು. ಸಾಹೇಬರು ನನ್ನ ಕೈಗೆ ಒಂದು ಕಾಗದ ಕೊಟ್ಟರು.

"ಬೇಟಿ, ನಿಮ್ಮ ಮ್ಯಾಲ ಶಿಕಾಯತ್ ಬಂದದ. ಓದಿ ಜವಾಬು ಕೊಡ್ರಿ."

ಓದಿದೆ. ದೂರಿನಲ್ಲಿ ಹೀಗಿತ್ತು: ಈ ಅಕ್ಕೋರು ಉದ್ಧಟರು, ಹಿರಿಯರ ಬಾಗಿಲಿಗೆ ಬಂದು ಅವಮಾನ ಮಾಡಿದ್ದಾರೆ, ಇವರನ್ನು ಕೂಡಲೇ ಬೇರೆ ಕಡೆ ಹಾಕಿ ವಿನಯವಂತರಾದ ಇನ್ನೊಬ್ಬರನ್ನು ಕೊಡಬೇಕು. ನಮ್ಮ ಊರಿನ ಹೆಣ್ಣುಮಕ್ಕಳ ಶಾಲೆ ಮಾತ್ರ ನಮ್ಮ ಊರಿನಲ್ಲಿಯೇ ಇರತಕ್ಕದ್ದು. ಈ ಕೊನೆಯ ಮಾತನ್ನು ಮನೆಯ ಹೆಂಗಸರಿಗೆ ಹೆದರಿ ಸೇರಿಸಿದ್ದರು ಎಂದು ಆಮೇಲೆ ಹನುಮವ್ವ ಹೇಳಿದಳು. ಕೆಳಗೆ ಪಟ್ಟಿ ಹಿಡಿದು ಒಂದು ನೆಟ್ಟನೆಯ ಗೆರೆ ಎಳೆದಿದ್ದರು. ಆ ಗೆರೆಯ ಮೇಲೆ, ಒಂದು ಕೂದಲೆಳೆಯಷ್ಟೂ ಮೇಲೆ ಕೆಳಗೆ ಆಗದಂತೆ, ಅಕ್ಕಪಕ್ಕದಲ್ಲಿ ಅಮರಪ್ಪಗೌಡರ ದಸ್ಕತ್ತು, ಬಸಲಿಂಗಪ್ಪ ಸಾವುಕಾರರ ದಸ್ಕತ್ತು.

ಮೊದಲು ನೌಕರಿಯೇ ಹೋಯಿತೆಂದು ತಿಳಿದೆ, ಅವ್ವನ ಮುಖ ಕಣ್ಣ ಮುಂದೆ ಬಂತು. ಆಮೇಲೆ ಮತ್ತೊಮ್ಮೆ ಓದಿದೆ. ನಗು ಬಂತು. ತಡೆಯಲಿಲ್ಲ, ಆ ಇಬ್ಬರ ಎದುರಿಗೇ ನಕ್ಕುಬಿಟ್ಟೆ.

"ಜವಾಬು ಏನಿಲ್ರಿ ಸಾಹೇಬ್ರ. ಇವರು ಬರದದ್ದು ಖರೆ ಐತಿ. ನನ್ನ ಬೇರೆ ಕಡೆ ಹಾಕ್ರಿ. ಆದ್ರ ಒಂದು ಮಾತು. ಸಾಲಿ ಈ ಊರಾಗ ಇರಬೇಕು ಅಂತ ಕಮಿಟಿಯವರು ಇಬ್ಬರೂ ಒಂದ ಕಾಗದದ ಮ್ಯಾಲ ದಸ್ಕತ್ತು ಹಾಕ್ಯಾರ. ನಿಮ್ಮ ಹುಕುಮಿನ್ಯಾಗ ಕೇಳಿದ್ದು ಇದನ್ನ ಅಲ್ಲೇನ್ರಿ? ಆಷಾಢ ಇನ್ನಾ ಮುಗದಿಲ್ಲ. ಇದನ್ನ ಸಾಲಿ ಫೈಲಿಗೆ ಹಚ್ಚಿಬಿಡ್ರಿ."

ಸಾಹೇಬರು ಕಾಗದ ಇಸಿದುಕೊಂಡು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಗಡ್ಡದೊಳಗೇ ನಕ್ಕರು. "ದುರುಸ್ತ್ ಅದ, ಸರಿ ಅದ" ಎಂದು ಇಬ್ಬರ ಕಡೆ ತಿರುಗಿದರು. "ಇದು ನಿಮ್ಮ ದಸ್ಕತ್ತು ಹೌದೋ ಅಲ್ಲೋ?"

ಅಲ್ಲ ಎಂದರೆ ನಾನು ಅಲ್ಲಿಯೇ ಉಳಿಯುತ್ತೇನೆ. ಹೌದು ಎಂದರೆ ಇಬ್ಬರೂ ಒಂದಾಗಿ ಶಾಲೆ ಕೇಳಿದಂತೆ ಆಗುತ್ತದೆ. ಗೌಡರು ಸಾವುಕಾರರ ಕಡೆ ನೋಡಿದರು, ಸಾವುಕಾರರು ಗೌಡರ ಕಡೆ ನೋಡಿದರು. ದೂರಿನ ಕಾಗದ ಆಳಿನ ಕೈಯಲ್ಲಿ ಮನೆಯಿಂದ ಮನೆಗೆ ಹೋಗಿತ್ತೇ ಹೊರತು, ಎಲೆಕ್ಷನ್ ಆದ ಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲಂತೆ.

"ಹೌದ್ರಿ" ಎಂದರು ಗೌಡರು.

"ಹೌದ್ರಿ, ನಂದೂ ಹೌದು" ಎಂದರು ಸಾವುಕಾರರು, ಹಿಂದೆ ಬಿದ್ದರೆ ಏನು ಗತಿ ಎನ್ನುವ ಹಾಗೆ.

ಶ್ರಾವಣದಲ್ಲಿ ಶಾಲೆ ಕಾಯಂ ಆಯಿತು, ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಬಂಡಿ ಹೊರಡುವ ದಿನ ಚಾವಡಿ ಮುಂದೆ ಹಾದುಹೋದೆವು. ಕಟ್ಟೆಯ ಮೇಲೆ ಯಾರೋ ಮತ್ತೆ ಸುಣ್ಣದ ಗೆರೆ ಎಳೆದಿದ್ದರು, ಮೊದಲಿಗಿಂತ ದಪ್ಪಗೆ. ಆದರೆ ಹುಡುಗಿಯರು ಪಾಟಿ ಹಿಡಿದು ಬಂದು ಅದರ ಮೇಲೆಯೇ ಕೂತಿದ್ದರು, ಶರಣಿ ಮತ್ತು ಗಂಗಿ ಒಂದೇ ಗೋಣಿಚೀಲದ ಮೇಲೆ. ಗಂಗಿ ನನ್ನನ್ನು ನೋಡಿ ಎದ್ದು ನಿಂತು, "ಅಕ್ಕೋರ, ಹೊಸ ಅಕ್ಕೋರು ನಾಳೆ ಬರ್ತಾರಂತ. ನಾವು ಇವತ್ತ ಬಂದೀವಿ" ಎಂದಳು. ನಾನು ಬಂಡಿಯಿಂದ ಇಳಿದು ಗಂಟೆ ಬಾರಿಸಿ ಹೋದೆ.

ಆ ಇಬ್ಬರೂ ಸಾಯುವ ತನಕ ಮಾತಾಡಲಿಲ್ಲವಂತೆ. ಅವರನ್ನು ಒಂದುಮಾಡಿದೆ ಎಂದು ಕೊಚ್ಚಿಕೊಳ್ಳಲಾರೆ. ನಾನು ಮಾಡಿದ್ದು ತಪ್ಪು, ಹೆಣ್ಣುಮಗಳಾಗಿ ತಗ್ಗಿ ನಡೆಯಬೇಕಿತ್ತು ಎಂದು ಹೇಳಿದವರು ಬಹಳ ಜನ. ನನಗೆ ಒಂದು ದಿನವೂ ಹಾಗೆ ಅನ್ನಿಸಿಲ್ಲ. ನನ್ನ ವರ್ಗಾವಣೆಯ ಹುಕುಂ ಇನ್ನೂ ಟ್ರಂಕಿನಲ್ಲಿದೆ. ಕಾರಣ ಎಂಬಲ್ಲಿ "ಊರಿನ ಹಿರಿಯರ ಒಮ್ಮತದ ಮೇರೆಗೆ" ಎಂದು ಬರೆದಿದೆ. ನನಗೆ ತಿಳಿದ ಹಾಗೆ ಆ ಊರಲ್ಲಿ ಒಮ್ಮತವಾದದ್ದು ಅದೊಂದೇ ಸಲ. ನನ್ನನ್ನು ಓಡಿಸುವುದಕ್ಕಾದರೂ ಆಯಿತಲ್ಲ. ಶಾಲೆ ಇವತ್ತಿಗೂ ನಡೆಯುತ್ತಿದೆ.