ನಟಿಯ ಕಥೆಗೆ ಮಗಳು ತಕರಾರು ತೆಗೆಯದ ದಿನ

ಮಗಳು ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನಾನು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತೆ. ಬೇರೆ ದಾರಿ ಇರಲಿಲ್ಲ. ಅವಳು ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ವಾರ್ಡಿನಿಂದಲೇ ಕೊರೊನಾ ಅಂಟಿಸಿಕೊಂಡು ಬಂದಿದ್ದಳು. ಮಾತಾಡಿದರೆ ಕೆಮ್ಮು ಉಕ್ಕುತ್ತಿತ್ತು. ನನಗೋ ಸಕ್ಕರೆ ಕಾಯಿಲೆ, ಹತ್ತಿರ ಹೋಗುವಂತಿಲ್ಲ. ಅಳಿಯ ತನ್ನ ತಂದೆಯನ್ನು ನೋಡಲು ಮೈಸೂರಿಗೆ ಹೋದವನು ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡಿದ್ದ. ಡಬ್ಲಿನ್ನಿನ ಪಕ್ಕದ ಊರು ಸ್ವೋರ್ಡ್ಸ್‌ನ ಮನೆಯಲ್ಲಿ ಕೆಳಗೆ ನಾನು ಮತ್ತು ಕಾಲೇಜಿಗೆ ಹೋಗುವ ವಯಸ್ಸಿಗೆ ಬಂದಿದ್ದ ಮೊಮ್ಮಗಳು, ಮೇಲೆ ಅವಳು. ವಿಮಾನ ನಿಲ್ದಾಣ ಪಕ್ಕದಲ್ಲೇ ಇದ್ದರೂ ಆಕಾಶದಲ್ಲಿ ಸದ್ದೇ ಇರಲಿಲ್ಲ. ಹಾಗಾಗಿ ಅವಳ ಕೆಮ್ಮು ಅಡುಗೆಮನೆಗೆ ಚೆನ್ನಾಗಿ ಕೇಳುತ್ತಿತ್ತು.

ಬಾಗಿಲು ಹಾಕುವ ಮುಂಚೆ ನನಗೊಂದು ಅಪ್ಪಣೆ ಆಗಿತ್ತು. "ಅಮ್ಮ, ಆಂಬ್ಯುಲೆನ್ಸ್ ಗೀಂಬ್ಯುಲೆನ್ಸ್ ಅಂತ ಗಾಬರಿ ಬೀಳ್ಬೇಡ. ಅಲ್ಲಿ ಬೆಡ್ಡೇ ಇಲ್ಲ. ಬೇಕಾದ್ರೆ ನಾನೇ ಹೇಳ್ತೀನಿ. ಡಾಕ್ಟರ್ ಯಾರು, ನೀನಾ ನಾನಾ?"

ಮೊಮ್ಮಗಳು ನನ್ನ ಫೋನಿಗೆ ಕನ್ನಡದ ಅಕ್ಷರಗಳನ್ನು ಹಾಕಿಕೊಟ್ಟಳು. ನಾನು ಕಳಿಸಿದ ಮೊದಲ ಸಂದೇಶ ಕುಣಿಯುವ ಹಸುವಿನ ಚಿತ್ರ. ಅದು ಹೇಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಎರಡನೆಯದು 'ಗಂಜಿ ಬಾಗಿಲಲ್ಲಿದೆ'. ಆಮೇಲೆ ಬರೆಯಲು ಏನೂ ಇರಲಿಲ್ಲ. ಹೇಗಿದ್ದೀಯ ಅಂತ ಮತ್ತೆ ಮತ್ತೆ ಕೇಳಿದರೆ ರೇಗುತ್ತಾಳೆ. ಕೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಅದಕ್ಕೇ ನಟಿಯ ಕಥೆ ತೆಗೆದೆ.

ನಮ್ಮಪ್ಪ ಬೆಂಗಳೂರು ದಂಡಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಅಲ್ಲಿ ಬರೀ ಇಂಗ್ಲಿಷ್ ಸಿನಿಮಾ. ನಾನು ಮೆಷಿನ್ ರೂಮಿನ ಸಣ್ಣ ಕಿಂಡಿಯಲ್ಲಿ ಒಂದೇ ಕಣ್ಣಿಟ್ಟು ನೋಡುತ್ತಿದ್ದೆ. ಭಾಷೆ ತಿಳಿಯದು, ಮೆಷಿನ್ನಿನ ಸದ್ದಿಗೆ ಮಾತೂ ಕೇಳದು. ಅಪ್ಪನೇ ರೀಲು ಸುತ್ತುತ್ತ ಕಥೆ ಹೇಳುತ್ತಿದ್ದರು. ಸಿನಿಮಾದ ಕಥೆ ಮುಗಿದರೆ ಅದರಲ್ಲಿರುವ ಅಮೆರಿಕದ ನಟಿಯ ಕಥೆ. ಅವಳ ತಾಯಿ ಯಾರದೋ ಮನೆಯ ಬಟ್ಟೆ ಒಗೆಯುತ್ತಿದ್ದದ್ದು, ಸ್ಟುಡಿಯೋದವರು ಅವಳ ಹೆಸರು ಬದಲಾಯಿಸಿದ್ದು, ಹಣೆ ಅಗಲವಾಗಿ ಕಾಣಲೆಂದು ಮುಂಗೂದಲು ಕಿತ್ತಿದ್ದು, ತೂಕ ಏರಬಾರದೆಂದು ಊಟದ ತಟ್ಟೆಗೆ ಕಾವಲು ಹಾಕಿದ್ದು. ಇವಿಷ್ಟೂ ಹಳೆಯ ಸಿನಿಮಾ ಪತ್ರಿಕೆಗಳಿಂದ ಅಪ್ಪ ಯಾರ ಕೈಲೋ ಓದಿಸಿಕೊಂಡದ್ದು. ಉಳಿದದ್ದಕ್ಕೆ ಮಸಾಲೆ ಅವರದೇ.

ಅದೇ ಮಸಾಲೆಯೊಂದಿಗೆ ನಾನು ನನ್ನ ಮಗಳಿಗೆ ತಲೆಗೆ ಎಣ್ಣೆ ಹಚ್ಚುವಾಗ ಹೇಳುತ್ತಿದ್ದೆ. ಹೈಸ್ಕೂಲಿಗೆ ಬಂದದ್ದೇ ಈ ಹುಡುಗಿ ಲೈಬ್ರರಿಯಿಂದ ಆ ನಟಿಯ ಮೇಲಿನ ದಪ್ಪ ಪುಸ್ತಕ ತಂದು ಓದಿ ನನ್ನ ಕಥೆಯ ಜುಟ್ಟು ಹಿಡಿದಳು. ಅವತ್ತಿನಿಂದ ಒಂದು ತಪ್ಪನ್ನೂ ಬಿಟ್ಟವಳಲ್ಲ. ತೂಕ ಇಳಿದದ್ದು ನಿಂಬೆರಸದಿಂದಲ್ಲ, ಮಾತ್ರೆಯಿಂದ. ಸ್ಟುಡಿಯೋ ಮೇಲೆ ಹಾಕಿದ ಕೇಸು ಗೆಲ್ಲಲಿಲ್ಲ, ಸೋತಳು. ತನ್ನ ಮದುವೆಯ ದಿನ ಯಾರಾದರೂ ಆ ನಟಿಯ ವಿಷಯ ತಪ್ಪಾಗಿ ಎತ್ತಿದರೂ ಇವಳು ಮಂಟಪದಲ್ಲೇ ತಿರುಗಿ ತಿದ್ದುವ ಜಾತಿ.

ಹಾಗಾಗಿ ನಾನು ಬೇಕೆಂದೇ ತಪ್ಪು ಬರೆಯತೊಡಗಿದೆ. ಮೇಲಿಂದ ಜಗಳ ಬಂದರೆ ಜೀವ ಗಟ್ಟಿಯಿದೆ ಎಂದು ಲೆಕ್ಕ. ನಟಿ ನಾಲ್ಕು ಮದುವೆಯಾದಳು ಎಂದು ಬರೆದೆ. ತಕ್ಷಣ ಉತ್ತರ ಬಂತು, 'ಮೂರು'. ಅವಳು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಳು ಎಂದೆ. 'ಅದು ಬೇರೆಯವಳು ಅಮ್ಮ. ಗಂಜಿಗೆ ಉಪ್ಪಿಲ್ಲ.' ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಮತ್ತೊಂದು ದಿನ, ಜ್ವರದಲ್ಲಿದ್ದ ನಟಿಯನ್ನು ಸ್ಟುಡಿಯೋ ಡಾಕ್ಟರು ರಜೆ ಕೊಟ್ಟು ಮನೆಗೆ ಕಳಿಸಿದರು ಎಂದೆ. ಉತ್ತರ ತಡವಾಗಿ ಬಂತು. 'ಇಲ್ಲ. ಇಂಜೆಕ್ಷನ್ ಚುಚ್ಚಿ ಲೈಟಿನ ಕೆಳಗೆ ನಿಲ್ಲಿಸಿದ್ರು.'

ಮಾರನೆಯ ದಿನ ಕೆಮ್ಮು ನಿಂತಿತು. ಮೊಮ್ಮಗಳು ಖುಷಿಪಟ್ಟಳು. ನನಗೇಕೋ ಆ ನಿಶ್ಶಬ್ದ ಹಿಡಿಸಲಿಲ್ಲ. ಮಧ್ಯಾಹ್ನ ತಟ್ಟೆ ತರಲು ಹೋದರೆ ಅನ್ನ ಹಾಗೇ ಇತ್ತು. ಬಾಗಿಲ ಹೊರಗಿಂದ ಕೇಳಿದೆ, ನಿದ್ದೆ ಬರುತ್ತಿದೆ ಎಂದಳು, ದನಿ ಮೆತ್ತಗಿತ್ತು. ಕೆಳಗೆ ಬಂದು ನನ್ನ ಹತ್ತಿರವಿದ್ದ ದೊಡ್ಡ ಸುಳ್ಳನ್ನೇ ತೆಗೆದೆ. ಇದು ನಮ್ಮಪ್ಪನ ಸುಳ್ಳು. ನಟಿ ಮುಪ್ಪಿನಲ್ಲಿ ಗುಟ್ಟಾಗಿ ಬೆಂಗಳೂರಿಗೆ ಬಂದು, ಅಪ್ಪನ ಮೆಷಿನ್ ರೂಮಿನಲ್ಲಿ ಸ್ಟೂಲಿನ ಮೇಲೆ ಕೂತು ಮಸಾಲೆ ದೋಸೆ ತಿಂದು ಹೋದಳಂತೆ. ಈ ಮಾತಿಗೆ ಹುಡುಗಿಯಾಗಿದ್ದಾಗ ನನ್ನ ಮಗಳು ತಾತನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಅಷ್ಟನ್ನೂ ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ.

ಉತ್ತರ ಬಂತು. 'ಹೌದಮ್ಮ. ಒಳ್ಳೇದಾಯ್ತು.'

ಅವಳು ಹುಟ್ಟಿದಾಗಿನಿಂದ ನನ್ನ ಮಾತಿಗೆ ಹೌದು ಎಂದು ಸುಮ್ಮನಾದದ್ದಿಲ್ಲ. ಮೊಮ್ಮಗಳಿಗೆ ಫೋನು ತೋರಿಸಿ, ಆಂಬ್ಯುಲೆನ್ಸಿಗೆ ಹೇಳು ಎಂದೆ. ಅವಳು ಎರಡು ಸಲ ಓದಿದಳು.

"ಅಜ್ಜಿ, ಮಾಮ್ ಇಸ್ ಗ್ರ್ಯಾಂಡ್, ಚೆನ್ನಾಗೇ ಇದ್ದಾಳೆ. ಯೆಸ್ ಅಂತ ಹೇಳಿದ್ದಾಳಲ್ಲ."

"ಅದೇ ಕಣೇ ನಂಗೆ ಭಯ."

ಅವಳ ಅಮ್ಮ ಅವಳಿಗೂ ಅಪ್ಪಣೆ ಕೊಟ್ಟಿದ್ದಳು, ಅಜ್ಜಿ ಹೆದರಿದರೆ ಸಮಾಧಾನ ಮಾಡು, ಯಾರಿಗೂ ಫೋನ್ ಮಾಡಬೇಡ ಎಂದು. ಸುಮ್ಮಸುಮ್ಮನೆ ಕರೆದರೆ ನಿಜವಾಗಿ ಬೇಕಾದವರಿಗೆ ಗಾಡಿ ಸಿಗುವುದಿಲ್ಲ, ಅಮ್ಮನೇ ಡಾಕ್ಟರಲ್ಲವೇ ಎಂದು ಇಂಗ್ಲಿಷಿನಲ್ಲಿ ವಾದ ಹೂಡಿದಳು. ನ್ಯಾಯವಾದ ಮಾತೇ. ದೋಸೆಯ ಸುಳ್ಳನ್ನು ಒಪ್ಪಿಕೊಂಡಳು ಅನ್ನುವುದೊಂದು ರೋಗದ ಲಕ್ಷಣ ಎಂದು ನಾನಾದರೂ ಯಾವ ಬಾಯಲ್ಲಿ ವಾದಿಸಲಿ? ಸೆರಗು ಮೂಗಿಗೆ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಹಿಂದಿನಿಂದ ಅವಳು ಬೇಡ ಬೇಡ ಎನ್ನುತ್ತ ಬಂದಳು. ಬಾಗಿಲು ತಳ್ಳಿದೆ.

ಮಗಳು ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಮುಖದಲ್ಲಿ ನೋವಿಲ್ಲ, ಏದುಸಿರಿಲ್ಲ. ತುಟಿ ಮಾತ್ರ ನೇರಳೆ ಹಣ್ಣು ತಿಂದವರ ಹಾಗೆ. ನನ್ನನ್ನು ನೋಡಿ ಬೈಯುವಳೆಂದು ಕಾದೆ.

"ಬಾಮ್ಮ, ಕೂತ್ಕೋ," ಎಂದು ಪಕ್ಕದ ಜಾಗ ತೋರಿಸಿ ನಕ್ಕಳು.

ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ ಹೊದಿಕೆಯ ಮಡಿಕೆಯಲ್ಲಿ ಬಿದ್ದಿತ್ತು. ಅದನ್ನು ಅವಳ ಬೆರಳಿಗೆ ಹಾಕಿ ಬಾಗಿಲಲ್ಲಿ ನಿಂತವಳ ಕಡೆ ತಿರುಗಿಸಿದೆ. ಅಂಕಿ ತೀರಾ ಇಳಿದದ್ದನ್ನು ನೋಡಿ ಮೊಮ್ಮಗಳು ಫೋನ್ ಒತ್ತಿದಳು. ಮನೆಯ ಏರ್‌ಕೋಡ್, ಅಂದರೆ ಇಲ್ಲಿಯ ಪಿನ್ ಕೋಡ್, ಹೇಳಿದಳು, ಯಂತ್ರದಲ್ಲಿ ಕಂಡದ್ದು ಹೇಳಿದಳು. ಆ ಕಡೆಯವರು ಏನೋ ಕೇಳಿದರು. ಅವಳು ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

"ಅಜ್ಜಿ, ಅಮ್ಮ ಕನ್‌ಫ್ಯೂಸ್ ಆಗಿದ್ದಾಳಾ ಅಂತ ಕೇಳ್ತಿದ್ದಾರೆ. ಏನ್ ಹೇಳ್ಲಿ?"

"ಅವ್ರಮ್ಮನ ಮಾತು ಒಪ್ಕೊಂಡ್ಳು ಅಂತ ಹೇಳು."

ಅವಳು ಹಾಗೇ ಹೇಳಿದಳು, ತನ್ನ ಐರಿಷ್ ಉಚ್ಚಾರದಲ್ಲಿ, ಅಳುತ್ತ. ಆ ಕಡೆಯ ಹೆಂಗಸು, ಗಾಡಿ ಹೊರಟಿದೆ, ಅವಳನ್ನು ಕೂರಿಸಿಯೇ ಇಟ್ಟಿರಿ, ಮಾತಾಡಿಸುತ್ತಿರಿ ಎಂದಳು.

ಮಾತಾಡಿಸಿದೆ. ಏನು ಮಾತಾಡಿದೆನೋ ನೆನಪಿಲ್ಲ. ಅವಳ ತಲೆ ನನ್ನ ಭುಜಕ್ಕೆ ವಾಲಿತ್ತು, ಚಿಕ್ಕಂದಿನ ಹಾಗೆಯೇ ಭಾರ. ನಿದ್ದೆ ಮಾಡಲು ಬಿಡು ಎಂದು ಬೇಡಿದಳು. ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಿದೆ. ಆಮೇಲೆ ಮೈತುಂಬ ಮುಚ್ಚಿಕೊಂಡ ಇಬ್ಬರು ಬಂದು ಮುಖಕ್ಕೆ ಆಮ್ಲಜನಕ ಕಟ್ಟಿದರು. ಅವರಲ್ಲೊಬ್ಬನಿಗೆ ಇವಳು ಪರಿಚಯ, ಡಾಕ್ಟರ್ ಎಂದು ಕರೆದು ಕಣ್ಣು ಒರೆಸಿಕೊಂಡ. ನಮ್ಮನ್ನು ಗಾಡಿ ಹತ್ತಿಸಿಕೊಳ್ಳಲಿಲ್ಲ. ಎದುರು ಮನೆಗಳ ಕಿಟಕಿಗಳಲ್ಲಿ ಜನ ನಿಂತಿದ್ದರು, ಯಾರೂ ಹೊರಗೆ ಬರುವಂತಿರಲಿಲ್ಲ.

ಮುಂದಿನ ದಿನಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ವಾರ್ಡಿನಿಂದ ಫೋನ್ ಬಂದರೆ ಮೊಮ್ಮಗಳ ಮುಖ ನೋಡುವುದು, ಬರದಿದ್ದರೆ ಫೋನಿನ ಮುಖ ನೋಡುವುದು. ಮೊಮ್ಮಗಳು ನನ್ನ ಮಂಚದ ಪಕ್ಕ ಹಾಸಿಗೆ ಹಾಕಿಕೊಂಡಳು. ದೂರ ಮಲಗು ಎಂದರೆ ಕೇಳಲಿಲ್ಲ. ಯಂತ್ರದ ಉಸಿರು ಹಾಕಬೇಕಾಗಬಹುದು ಎಂದರು, ಆಮೇಲೆ ಬೇಡವಾಯಿತು ಎಂದರು. ಕೊನೆಗೆ ಒಂದು ಬೆಳಿಗ್ಗೆ ಅವಳದೇ ದನಿ ಬಂತು, ಹಳೆಯ ರೇಡಿಯೋ ಥರ ಸೀಳಿದ ದನಿ.

"ಅಮ್ಮ, ನಿನಗೆ ಹೇಗಿದೆ? ನಿಜ ಹೇಳು."

ಅವತ್ತು ನನಗೆ ಮೈ ಬಿಸಿಯಿತ್ತು. ಬೆಳಿಗ್ಗೆಯಿಂದ ಮೊಮ್ಮಗಳಿಗೂ ಹೇಳಿರಲಿಲ್ಲ. ಏನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೀನಿ ಎನ್ನುವುದು ನಾಲಿಗೆಯ ತುದಿಗೆ ಬಂತು. ಅವಳು ಈಗತಾನೇ ಉಸಿರಾಡುತ್ತಿದ್ದಾಳೆ, ಅದರ ಮೇಲೆ ಇದನ್ನೇಕೆ ಹೇರಲಿ ಎನಿಸಿತು. ಆದರೆ ಹಾಗೆ ಮುಚ್ಚಿಟ್ಟು ಮುಚ್ಚಿಟ್ಟೇ ಅವಳು ಆ ಹಾಸಿಗೆ ಸೇರಿದ್ದಳು.

"ಸ್ವಲ್ಪ ಜ್ವರ ಐತೆ," ಎಂದೆ.

ಆ ಕಡೆ ಅವಳು ಅಳುವುದು ಕೇಳಿಸಿತು. ಆಮೇಲೆ ಮೊಮ್ಮಗಳಿಗೆ ಫೋನ್ ಕೊಡಲು ಹೇಳಿ, ಅಜ್ಜಿಗೆ ಏನೇನು ಮಾಡಬೇಕೆಂದು ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದಳು.