ಅತ್ತೆಗೆ ಮಾಡಿಕೊಟ್ಟ ಕನ್ನಡಕ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತ ಹದಿನೆಂಟು ವರ್ಷ ಸವೆಸಿದವಳು ಅವಳು. ಅಂಗಡಿಯವರ ಬಾಯಲ್ಲಿ ಗಾಜಮ್ಮ. ಗಂಡ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಹೇಳುವವನು. ಏನು ಹೇಳಿದರೂ ನಂಬೋಣ ಅನ್ನಿಸುವ ದನಿ. ಅದೇ ದನಿಯಲ್ಲಿ ಒಂದು ದಿನ, ಟಿಕೆಟ್ ಕೌಂಟರಿನವಳನ್ನು ಮದುವೆಯಾಗುತ್ತೇನೆ, ನೀನು ದಾರಿ ಬಿಡು ಅಂದಿದ್ದ.

ವಿಚ್ಛೇದನದ ಅರ್ಜಿ ಕೋರ್ಟಿಗೆ ಹೋಯಿತು. ಮೊದಲು ಮನೆ ಬಿಟ್ಟವರ ಕೈಗೆ ಮನೆ ಸಿಗೋದಿಲ್ಲ ಅಂತ ಇಬ್ಬರ ವಕೀಲರೂ ಕಿವಿಯಲ್ಲಿ ಊದಿದ್ದರಿಂದ ಗಂಡ ಹೆಂಡತಿ ಇಬ್ಬರೂ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನಿಗೆ ಮುಂದಿನ ಕೋಣೆ, ಇವಳಿಗೆ ಹಿಂದಿನದು. ಅವನು ಅಡುಗೆಮನೆಗೆ ಬಂದರೆ ಇವಳು ಹೊರಗೆ.

ಅರ್ಜಿ ಹಾಕಿದ ಏಳನೇ ತಿಂಗಳು ಅವನು ತಾಯಿಯನ್ನು ಕರೆತಂದ. ಶಾಲೆಯಲ್ಲಿ ಆಟದ ಟೀಚರಾಗಿದ್ದ ಹೆಂಗಸು. ಸೀಟಿ ಟೀಚರ್ ಅಂದರೆ ಮಕ್ಕಳಿಗೆ ಚಳಿಜ್ವರ. ಸೊಸೆಯನ್ನು ಕಂಡರೆ ಮೊದಲಿಂದಲೂ ಆಗದು. ಕಾಟ ಕೊಟ್ಟು ಓಡಿಸಲಿ ಅಂತಲೇ ಅವನು ಕರೆಸಿದ್ದು.

ಅಲ್ಲಿಂದ ಶುರುವಾಯಿತು. ಅತ್ತೆಯ ಚಪ್ಪಲಿ ಬಚ್ಚಲಲ್ಲಿ ನೆನೆದಿರೋದು, ಮಾತ್ರೆ ಮಾಯವಾಗೋದು. ಇನ್ಯಾರು ಮಾಡ್ತಾರೆ ಅಂತ ಅವನು ಮೆಲ್ಲಗೆ ಹೇಳುತ್ತಿದ್ದ. ಅತ್ತೆ ಸೊಸೆಯ ಜನ್ಮ ಜಾಲಾಡುತ್ತಿದ್ದರು. ಇದು ಗಂಡನದೇ ಕೈವಾಡ ಅಂತ ಸೊಸೆಗೆ ಗೊತ್ತಿತ್ತು; ಹೇಳಿದರೆ ಅತ್ತೆ ನಂಬುವವರಲ್ಲ ಅಂತ ಹಲ್ಲು ಕಚ್ಚಿ ಕೇಳಿಸಿಕೊಂಡಳು.

ಒಂದು ಬೆಳಿಗ್ಗೆ ಅತ್ತೆ ಮಾತ್ರೆಯ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಓದಲು ತಿಣುಕಾಡುತ್ತಿದ್ದುದು ಸೊಸೆಯ ಕಣ್ಣಿಗೆ ಬಿತ್ತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಸೇಡಿಗೊಂದು ದಾರಿ ಸಿಕ್ಕಿತು ಅಂತ ಒಳಗೊಳಗೇ ಹಿಗ್ಗಿದಳು.

"ಬೈಯೋದಾದ್ರೆ ಸರಿಯಾಗಿ ನೋಡಿ ಬೈಯಿರಿ ಅತ್ತೆ. ನಡೀರಿ, ಕಣ್ಣು ತೋರಿಸೋಣ."

ಸವಾಲು ಹಾಕಿದರೆ ಬಿಡುವ ಹೆಂಗಸಲ್ಲ. ಬಂದರು. ಹತ್ತಿರದ್ದೂ ದೂರದ್ದೂ ಕಾಣುವ ಕನ್ನಡಕದ ಗಾಜನ್ನು ಬೇರೆಯವರ ಕೈಗೆ ಕೊಡದೆ ಅವಳೇ ಉಜ್ಜಿದಳು. ಹದಿನೆಂಟು ವರ್ಷದಲ್ಲಿ ಅಷ್ಟು ಮುತುವರ್ಜಿಯಿಂದ ಯಾರಿಗೂ ಮಾಡಿರಲಿಲ್ಲ.

ಮೂರನೇ ದಿನ ಅತ್ತೆ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಏನೋ ಓದುತ್ತಿದ್ದರು. ಅರ್ಧ ತೆರೆದ ಬಾಗಿಲಾಚೆ ಮಗ ಮಾತ್ರೆ ಡಬ್ಬಿ ಎತ್ತಿಕೊಂಡು ಹೆಂಡತಿಯ ಚೀಲದ ತಳಕ್ಕೆ ತುರುಕಿದ್ದನ್ನು ಕಣ್ಣಾರೆ ಕಂಡರು. ಆ ದಿನ ಅವರು ಊಟ ಮಾಡಲಿಲ್ಲ.

ಹೆಂಡತಿ ಕಾಟ ಕೊಡುತ್ತಾಳೆ ಅಂತ ಹೇಳಿಸಲು ಅವನು ಕೋರ್ಟಿನಲ್ಲಿ ತಾಯಿಯನ್ನೇ ಸಾಕ್ಷಿಗೆ ನಿಲ್ಲಿಸಿದ. ಅವರು ಕನ್ನಡಕ ಹಾಕಿಕೊಂಡು, ಕಂಡದ್ದನ್ನು ಕಂಡಹಾಗೆ ಹೇಳಿದರು. ಅವನು ಏನೋ ಹೇಳಲು ಹೋಗಿ ತೊದಲಿದ. ತೀರ್ಪು ಬರುವ ತನಕ ಗಂಡನೇ ಮನೆ ಬಿಡಬೇಕು ಅಂತ ನ್ಯಾಯಾಧೀಶರು ಅಪ್ಪಣೆ ಮಾಡಿದರು. ಅವನು ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲಿಳಿದು ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ಕೊನೆಯ ತಿರುವಿನವರೆಗೂ ನೋಡಿದಳು.

ಮರುದಿನ ಮಗಳ ಮನೆಗೆ ಹೊರಟು ನಿಂತ ಅತ್ತೆಯ ಕಣ್ಣು ಊದಿಕೊಂಡಿತ್ತು.

"ನನ್ನ ಮೇಲಿನ ಪ್ರೀತಿಗೆ ಇದನ್ನ ಮಾಡ್ಕೊಡ್ಲಿಲ್ಲ ನೀನು. ಅಲ್ವಾ?"

"ಅಲ್ಲ ಅತ್ತೆ."

"ನನ್ನ ಕೈಯಿಂದಲೇ ನನ್ನ ಮಗನಿಗೆ ಹೊಡೆಸಿದೆ."

"ಹೂಂ."

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಅತ್ತ ಹೋದ ಮೇಲೆ, ಎದೆಯಲ್ಲಿ ಎಲ್ಲಾದರೂ ಚುಚ್ಚುತ್ತಿದೆಯಾ ಅಂತ ಅವಳು ಸ್ವಲ್ಪ ಹೊತ್ತು ಕಾದು ನೋಡಿದಳು. ಏನೂ ಇಲ್ಲ. ಮುಂದಿನ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕೆಲಸಕ್ಕೆ ಹೊರಟಳು.